ಕಂಪ್ರೆಸರ್ ಹೊತ್ತ ಜೇಡ

ಪರ್ವತ ಹತ್ತಲು ಹಗ್ಗ, ಹಿಮಗೊಡಲಿ, ಗಟ್ಟಿ ಗುಂಡಿಗೆ ಸಾಕೆಂದು ನಂಬಿದವರು ಹಳೆಯ ಕಾಲದವರು. ‘ಡೊಲೊಮೈಟ್‌ಗಳ ಜೇಡ’ ಎಂದೇ ಹೆಸರಾಗಿದ್ದ ಇಟಲಿಯ ಚೇಸರೆ ಮಾಯೆಸ್ತ್ರಿ 1970ರಲ್ಲಿ ಆ ಪಟ್ಟಿಗೆ ಪೆಟ್ರೋಲ್ ಕಂಪ್ರೆಸರ್ ಒಂದನ್ನು ಸೇರಿಸಿದರು.

ಅವರ ಎದುರಿಗಿದ್ದದ್ದು ಪೆಟಗೋನಿಯಾದ ಸೆರ್ರೊ ತೊರ್ರೆ. ಎತ್ತರ 3,128 ಮೀಟರ್, ಎವರೆಸ್ಟಿನ ಅರ್ಧವೂ ಇಲ್ಲ. ಆದರೆ ನೆಟ್ಟಗೆ ನಿಂತ ಗ್ರಾನೈಟ್ ಕಂಬ. ನೆತ್ತಿಯ ಮೇಲೆ ಬಿರುಗಾಳಿ ಮೆತ್ತಿದ ಹಿಮದ ಅಣಬೆ. 1959ರಲ್ಲೇ ತಾವೂ ಆಸ್ಟ್ರಿಯಾದ ಟೋನಿ ಎಗ್ಗರ್ ಕೂಡ ತುದಿ ಮುಟ್ಟಿದ್ದೆವು ಎಂದು ಮಾಯೆಸ್ತ್ರಿ ಸಾರಿದ್ದರು. ಇಳಿಯುವಾಗ ಎಗ್ಗರ್ ಹಿಮಪಾತಕ್ಕೆ ಬಲಿಯಾದರಂತೆ, ಕ್ಯಾಮೆರಾ ಅವರ ಜೊತೆಗೇ ಹೋಯಿತಂತೆ. ಆ ಆರೋಹಣದ ಮೊಳೆ, ಹಗ್ಗಗಳು ಬುಡದ ಸುಮಾರು 300 ಮೀಟರ್‌ವರೆಗೆ ಸಿಕ್ಕಿವೆ. ಅಲ್ಲಿಂದ ಮೇಲೆ ಒಂದು ಮೊಳೆಯೂ ಇಲ್ಲ. ಉಳಿದ ದಾರಿಯನ್ನು ಹಾರಿಯೇ ಮುಗಿಸಿದರೇನೋ!

ಅನುಮಾನಿಸಿದವರ ಬಾಯಿ ಮುಚ್ಚಿಸಲು ಅದೇ ದಾರಿಯಲ್ಲಿ ಇನ್ನೊಮ್ಮೆ ಹತ್ತಬಹುದಿತ್ತು. ಅದು ಸಾಧಾರಣ ಬುದ್ಧಿಗೆ ಹೊಳೆಯುವ ಉಪಾಯ. ಮಾಯೆಸ್ತ್ರಿ ಬೇರೊಂದು ದಾರಿ ಹಿಡಿದು, ಎಂಜಿನ್ನನ್ನು ಬಂಡೆಯ ಮೇಲೆಳೆದು, ತೂತು ಕೊರೆದು, ಸುಮಾರು 400 ಬೋಲ್ಟ್ ಬಡಿದರು. ಇಷ್ಟೆಲ್ಲ ಮಾಡಿಯೂ ಹಿಮದ ಅಣಬೆಯನ್ನು ಮಾತ್ರ ಹತ್ತಲಿಲ್ಲ. ಅದು ಪರ್ವತದ ಭಾಗವೇ ಅಲ್ಲ, ಒಂದಲ್ಲ ಒಂದು ದಿನ ಗಾಳಿಗೆ ಹಾರಿಹೋಗುತ್ತದೆ ಎಂಬುದು ಅವರ ವಾದ. ಕುಣಿಯಲಾರದವಳು ನೆಲ ಡೊಂಕು ಎಂದದ್ದನ್ನು ಕೇಳಿದ್ದೇವೆ. ಅದು ನೆಲವೇ ಅಲ್ಲ ಎಂದವರು ಇವರೊಬ್ಬರೇ. ಇಳಿಯುವಾಗ ಕಂಪ್ರೆಸರನ್ನು ಬಂಡೆಗೇ ನೇತುಹಾಕಿ ಬಂದರು. ಆ ದಾರಿಗೆ ‘ಕಂಪ್ರೆಸರ್ ರೂಟ್’ ಎಂಬ ಹೆಸರೇ ನಿಂತಿತು. ಯಂತ್ರಕ್ಕಾದರೂ ನ್ಯಾಯ ಸಿಕ್ಕಿತು.

2005ರಲ್ಲಿ ಎರ್ಮಾನ್ನೊ ಸಾಲ್ವತೆರ್ರಾ ಮತ್ತಿಬ್ಬರು ಸಂಗಾತಿಗಳು 1959ರ ‘ದಾರಿ’ ಇದ್ದ ಭಾಗದಲ್ಲೇ ಹತ್ತಿದರು. ಒಂದು ಕಾಲಕ್ಕೆ ಮಾಯೆಸ್ತ್ರಿಯ ಮಾತನ್ನು ನಂಬಿದ್ದವರು ಈ ಸಾಲ್ವತೆರ್ರಾ. ಹಳಬರು ಹೋದ ಗುರುತು ಅವರಿಗೆ ಎಲ್ಲೂ ಕಾಣಲಿಲ್ಲ.

2012ರಲ್ಲಿ ಹೇಡನ್ ಕೆನಡಿ, ಜೇಸನ್ ಕ್ರುಕ್ ಎಂಬ ಇಬ್ಬರು ಯುವಕರು ಹೆಚ್ಚುಕಡಿಮೆ ಆ ಬೋಲ್ಟ್‌ಗಳ ಹಂಗಿಲ್ಲದೆ ತುದಿ ಮುಟ್ಟಿ, ಇಳಿಯುತ್ತ ನೂರಕ್ಕೂ ಹೆಚ್ಚು ಬೋಲ್ಟ್ ಕಿತ್ತುಹಾಕಿದರು. ಕೆಳಗಿನ ಎಲ್ ಚಾಲ್ಟೆನ್ ಊರಿನಲ್ಲಿ ಜನ ಸಿಡಿದೆದ್ದರು. ಪೊಲೀಸರು ಇಬ್ಬರನ್ನೂ ಹಿಡಿದು, ಕಿತ್ತ ಬೋಲ್ಟ್‌ಗಳನ್ನು ವಶಪಡಿಸಿಕೊಂಡರು. ಬಡಿದದ್ದು ಚರಿತ್ರೆ, ಕಿತ್ತದ್ದು ಅಪರಾಧ! ಬೋಲ್ಟ್ ಇಲ್ಲದಿದ್ದರೆ ಹತ್ತುವುದು ಹೇಗೆಂದು ಗೋಳಾಡಿದವರಿಗೆ ಆಸ್ಟ್ರಿಯಾದ ಡೇವಿಡ್ ಲಾಮಾ ಕೆಲವೇ ದಿನಗಳಲ್ಲಿ ಉತ್ತರ ಕೊಟ್ಟರು. ಅದೇ ಅಂಚಿನಲ್ಲಿ ಬಂಡೆಯ ಸಂದುಗೊಂದುಗಳನ್ನೇ ಕೈಕಾಲಲ್ಲಿ ಹಿಡಿದು ಹತ್ತಿ ತೋರಿಸಿದರು.

ಮಾಯೆಸ್ತ್ರಿ 2021ರಲ್ಲಿ ತೀರಿಕೊಂಡರು. 1959ರ ಮಾತನ್ನು ಕೊನೆಯವರೆಗೂ ಹಿಂತೆಗೆದುಕೊಳ್ಳಲಿಲ್ಲ. ಆದರೆ ಪರ್ವತಾರೋಹಿಗಳು ಅನುಮಾನಕ್ಕೆಡೆಯಿಲ್ಲದೆ ಒಪ್ಪುವ ಮೊದಲ ಆರೋಹಣ 1974ರದು: ಕಸಿಮಿರೊ ಫೆರ್ರಾರಿಯ ತಂಡದ್ದು. ಅವರು ಪಶ್ಚಿಮದ ಹಿಮಗೋಡೆ ಏರಿ, ಪರ್ವತದ ಭಾಗವೇ ಅಲ್ಲದ ಆ ಅಣಬೆಯನ್ನೂ ಹತ್ತಿದ್ದರು.