ನಮ್ಮ ಪುಟ್ಟಿ ಆನರ್ಸು ಕಣ್ರೀ!

ಅಮೆರಿಕದಲ್ಲಿ ಮಕ್ಕಳಿರುವವರ ಬಡಾಯಿಗೂ ಒಂದು ಇತಿಹಾಸವಿದೆ. ಮೊದಲು ವೀಸಾ, ಆಮೇಲೆ ಗ್ರೀನ್ ಕಾರ್ಡು, ಅದಾದ ಮೇಲೆ ನಾಲ್ಕು ಬೆಡ್‌ರೂಮಿನ ಮನೆ. ಈಗ ಮೊಮ್ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ಕಾಲ. ಜಯನಗರದ ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಹೊಸದೊಂದು ಮಾತು ಓಡಾಡುತ್ತಿದೆ: "ನಮ್ಮ ಮೊಮ್ಮಗಳಿಗೆ ಆನರ್ಸಲ್ಲಿ ಸೀಟ್ ಸಿಕ್ತು ಕಣ್ರೀ!" ಪಕ್ಕದಲ್ಲಿ ಕೂತವರ ಮೊಮ್ಮಗ ಬರೀ ಇಂಜಿನಿಯರಿಂಗ್ ಓದುತ್ತಿದ್ದರೆ, ಪಾಪ, ಅವರು ಮೆಲ್ಲಗೆ ಎದ್ದು ಇನ್ನೊಂದು ರೌಂಡು ಹೊಡೆಯಲು ಹೊರಡುತ್ತಾರೆ.

ನನ್ನ ತಂಗಿಯೂ ಈಗ ಆ ಬೆಂಚಿನ ಖಾಯಂ ಸದಸ್ಯೆ. ಅವಳ ಮಗಳು-ಅಳಿಯ ಇರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಅಳಿಯನಿಗೆ ಅಲ್ಲಿನ ಇಂಟೆಲ್‌ನಲ್ಲಿ ಕೆಲಸ. ಮೊಮ್ಮಗಳು ಪುಟ್ಟಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾರೆಟ್ ಆನರ್ಸ್ ಕಾಲೇಜಿಗೆ ಸೇರಿದಾಗ ನನಗೆ ಫೋನು ಬಂತು.

"ಅಣ್ಣಾ, ಪುಟ್ಟಿ ಆನರ್ಸು ಕಣೋ!"

"ಸಂತೋಷ ಕಣಮ್ಮ. ಅಂದ್ರೆ ಏನು?"

"ಅದೇ, ಬುದ್ಧಿವಂತರನ್ನೆಲ್ಲ ಬೇರೆ ಕೂರಿಸ್ತಾರೆ."

"ಊಟಕ್ಕೂನಾ?"

ನಾನು ತಮಾಷೆಗೆ ಕೇಳಿದ್ದು. ವಿಚಾರಿಸಿದರೆ ನಿಜಕ್ಕೂ ಹಾಗೇ. ಟೆಂಪಿ ಎಂಬ ಊರಿನಲ್ಲಿ ಆನರ್ಸ್ ಮಕ್ಕಳಿಗೆಂದೇ ಕಟ್ಟಿದ, 2009ರಲ್ಲಿ ಬಾಗಿಲು ತೆರೆದ ಆವರಣವಿದೆ. ಹಾಸ್ಟೆಲು, ತರಗತಿ, ಊಟದ ಮನೆ ಎಲ್ಲವೂ ಪ್ರತ್ಯೇಕ. ಪಂಕ್ತಿಭೇದ ತೊಲಗಿತು ಅಂತ ನಾವಿಲ್ಲಿ ಭಾಷಣ ಬಿಗಿಯುತ್ತಿದ್ದರೆ ಅದು ವೀಸಾ ಮಾಡಿಸಿಕೊಂಡು ಅಲ್ಲಿಗೆ ಹೋಗಿ ಎಲೆ ಹಾಕಿಸಿಕೊಂಡು ಕೂತಿದೆ!

ಈ ಕಾಲೇಜು ಹುಟ್ಟಿದ್ದು 1988ರಲ್ಲಿ. 2000ದಲ್ಲಿ ಇಂಟೆಲ್‌ನ ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಮತ್ತು ಅವರ ಹೆಂಡತಿ ಬಾರ್ಬರಾ 1 ಕೋಟಿ ಡಾಲರ್ ಕೊಟ್ಟರು; ಅವರ ಹೆಸರು ಬಂತು. ಇಷ್ಟು ಸಾಕಾಯಿತು ನನ್ನ ತಂಗಿಗೆ. "ನಮ್ಮಳಿಯನ ಆಫೀಸಿನವರದೇ ಕಾಲೇಜು" ಅಂತ ಪಾರ್ಕಿನಲ್ಲಿ ಹೇಳಿಬಿಟ್ಟಿದ್ದಾಳೆ. ಮ್ಯಾನೇಜ್‌ಮೆಂಟ್ ಕೋಟಾ ಇದ್ದಿರಬೇಕು ಅಂತ ಎರಡು ಬೆಂಚಿನವರು ಈಗಾಗಲೇ ತೀರ್ಮಾನಿಸಿದ್ದಾರೆ.

ತಮಾಷೆ ಇರಲಿ, ಆನರ್ಸಿನಿಂದ ಲಾಭವೇ ಇಲ್ಲವೆಂದಲ್ಲ. ಟೆಂಪಿಯ ಆವರಣ ಒಂದರಲ್ಲೇ 50,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಅಷ್ಟು ಜನ ಇಲ್ಲ. ಅಂಥ ಜಾತ್ರೆಯಲ್ಲಿ ಮೊದಲ ವರ್ಷದ ಪಾಠವೆಂದರೆ ನೂರಾರು ಜನರ ಹಾಲು, ದೂರದಲ್ಲಿ ಬೆರಳುದ್ದ ಕಾಣುವ ಮೇಷ್ಟ್ರು. ಇನ್ನು ಮುಂದಿನ ಸೆಮಿಸ್ಟರಿಗೆ ವಿಷಯ ಆರಿಸಿಕೊಳ್ಳುವ ಗಲಾಟೆ. ಬೇಕಾದ ಮೇಷ್ಟ್ರ ತರಗತಿ ನೋಡನೋಡುತ್ತಲೇ ಭರ್ತಿ. ಆನರ್ಸ್ ಮಕ್ಕಳಿಗೆ ಇಲ್ಲಿ ಮೊದಲ ಸರದಿ. ತಿರುಪತಿಯಲ್ಲಿ ವಿಶೇಷ ದರ್ಶನದ ಸಾಲು ಇದ್ದಹಾಗೆ. ಆ ಸಾಲಿಗೆ ಟಿಕೆಟ್ಟು ಇದೆಯಲ್ಲ, ಇಲ್ಲಿಗೂ ಇದೆ. ಮಾಮೂಲಿ ಫೀಸಿನ ಮೇಲೆ ವರ್ಷಕ್ಕೆ ಸಾವಿರ ಡಾಲರಿಗೂ ಮಿಕ್ಕಿದ ಆನರ್ಸ್ ಶುಲ್ಕ. ಈ ವಿಷಯವನ್ನು ನನ್ನ ತಂಗಿ ಪಾರ್ಕಿನಲ್ಲಿ ಯಾಕೋ ಹೇಳಿಲ್ಲ.

ಆನರ್ಸಿನ ಮೊದಲ ವರ್ಷದ ಮಕ್ಕಳಿಗೆಲ್ಲ 'ದಿ ಹ್ಯೂಮನ್ ಈವೆಂಟ್' ಎಂಬ ತರಗತಿ ಕಡ್ಡಾಯ. ಎರಡು ಸೆಮಿಸ್ಟರು. ಪ್ರಾಚೀನ ಕಾಲದಿಂದ ಇತ್ತೀಚಿನವರೆಗಿನ ದೊಡ್ಡ ಗ್ರಂಥಗಳನ್ನು ಓದಿಕೊಂಡು ಬಂದು, ಸಣ್ಣ ಗುಂಪಿನಲ್ಲಿ ಕೂತು ವಾದ ಮಾಡಬೇಕು. ನೋಟ್ಸ್ ಬರೆಸುವುದಿಲ್ಲ, ಹಿಂದಿನ ಬೆಂಚೇ ಇಲ್ಲ, ಬಾಯಿ ಬಿಡದಿದ್ದರೆ ಅಂಕವೂ ಇಲ್ಲ. "ದೊಡ್ಡವರು ಮಾತಾಡ್ತಿರುವಾಗ ನಡುವೆ ಬಾಯಿ ಹಾಕಬೇಡ" ಅಂತ ಹದಿನೆಂಟು ವರ್ಷ ಸಾಕಿದ ಮಗುವಿಗೆ ಇದು ಎಂಥ ಪಾಡು ನೋಡಿ! ಓದುವ ಪುಸ್ತಕವನ್ನು ಆರಿಸುವುದು ಆಯಾ ಮೇಷ್ಟ್ರ ಇಷ್ಟ. ಪುಟ್ಟಿಯ ಪಾಲಿಗೆ ಗಿಲ್ಗಮೆಶ್, ಪ್ಲೇಟೋ ಜೊತೆಗೆ ಬಂದದ್ದು ಭಗವದ್ಗೀತೆ. ಭಾನುವಾರದ ಗೀತಾ ಕ್ಲಾಸಿಗೆ ಅಜ್ಜಿ ಚಾಕಲೇಟು ತೋರಿಸಿ ಕರೆದರೂ ಹೋಗದವಳು ಅಲ್ಲಿ ಡಾಲರ್ ಕಟ್ಟಿ ಓದಿದಳು. ಅರ್ಜುನ ಬಿಲ್ಲು ಕೆಳಗಿಟ್ಟಿದ್ದು ಸರಿಯೇ ತಪ್ಪೇ ಅಂತ ಇವಳಿಗೂ ಒಬ್ಬ ಮೆಕ್ಸಿಕನ್ ಹುಡುಗನಿಗೂ ಗಂಟೆಗಟ್ಟಲೆ ಜಗಳವಂತೆ. ಅರ್ಜುನನ ಪರ ನಿಂತವನು ಆ ಹುಡುಗ. ತಂಗಿಗೆ ಈಗ ಚಿಂತೆ ಗೀತೆಯದಲ್ಲ, ಆ ಹುಡುಗನದು.

ಇನ್ನೊಂದು ಏರ್ಪಾಡಿದೆ. ಮಾಮೂಲಿ ತರಗತಿಯಲ್ಲೇ ಕೂತು, ಮೇಷ್ಟ್ರ ಜೊತೆ ಒಪ್ಪಂದ ಮಾಡಿಕೊಂಡು, ಉಳಿದವರಿಗಿಲ್ಲದ ಹೆಚ್ಚಿನ ಕೆಲಸವೊಂದನ್ನು ಮೈಮೇಲೆ ಎಳೆದುಕೊಳ್ಳುವುದು. ಅದಕ್ಕೆ ಆನರ್ಸ್ ಲೆಕ್ಕದಲ್ಲಿ ಜಮೆ.

"ಜಾಸ್ತಿ ಮಾರ್ಕ್ಸ್ ಕೊಡ್ತಾರೇನೇ?" ಅಂತ ಅಜ್ಜಿ.

"ಇಲ್ಲಜ್ಜಿ."

"ಮತ್ಯಾಕೆ ಮಾಡ್ತೀಯಾ?"

ಈ ಪ್ರಶ್ನೆಗೆ ವಿಶ್ವವಿದ್ಯಾಲಯದ ಬಣ್ಣದ ಕೈಪಿಡಿಯಲ್ಲೂ ನೆಟ್ಟಗೆ ಉತ್ತರವಿಲ್ಲ.

ಈ ಆನರ್ಸ್ ಹುಚ್ಚು ಅಮೆರಿಕಕ್ಕೆ ಅಂಟಿದ್ದು ಆಕ್ಸ್‌ಫರ್ಡಿನಿಂದ. ಅಲ್ಲಿ ಓದಿ ಬಂದಿದ್ದ ಫ್ರಾಂಕ್ ಐಡಲಾಟ್ ಎಂಬಾತ ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿ 1922ರಲ್ಲಿ ಆನರ್ಸ್ ಓದು ಶುರುಮಾಡಿದರು. ಸಣ್ಣ ಗುಂಪು, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಲಿಖಿತ, ಮೌಖಿಕ ಎರಡೂ. ಇಂದಿಗೂ ಅಲ್ಲಿ ಹೊರಗಿನ ಪರೀಕ್ಷಕರೇ ಬರುತ್ತಾರೆ. ಮೇಷ್ಟ್ರಾಗಿ ನಿವೃತ್ತನಾದ ನನಗೆ ಎಕ್ಸ್‌ಟರ್ನಲ್ ಎಂದ ಕೂಡಲೇ ಕಣ್ಣಿಗೆ ಬರುವುದು ಮಸಾಲೆ ದೋಸೆ. ಪ್ರಾಕ್ಟಿಕಲ್ ಪರೀಕ್ಷೆಗೆ ಬಂದವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದು, ದೋಸೆ ತಿನ್ನಿಸಿ, ಬಿಸಿಲಿಗೆ ಎಳನೀರು ಕುಡಿಸಿ ಕಳಿಸಿದರೆ ಇಡೀ ಬ್ಯಾಚು ಪಾಸು. ಸ್ವಾರ್ಥ್‌ಮೋರಿನಲ್ಲಿ ಏನು ತಿನ್ನಿಸುತ್ತಾರೋ ಕಾಣೆ.

ನಮಗೇನು ಆನರ್ಸ್ ಹೊಸದೇ? ಹಳೇ ಮೈಸೂರಿನ ಮನೆಗಳ ಹಿತ್ತಾಳೆ ಫಲಕದಲ್ಲಿ ಹೆಸರಿನ ಮುಂದೆ 'ಬಿ.ಎ. (ಆನರ್ಸ್)' ಇರುತ್ತಿತ್ತು, ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂದು ನಾಲ್ಕನೇ ವರ್ಷದ ಆನರ್ಸ್ ಮತ್ತೆ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮೂರೇ ವರ್ಷ ಸಾಕೆಂದಿತು. ನಡುವೆ ಸಿಕ್ಕಿಕೊಂಡ ಮಕ್ಕಳ ವಿಷಯ ಎತ್ತಿದರೆ ಹರಟೆ ಕೆಟ್ಟುಹೋಗುತ್ತದೆ, ಬಿಡಿ.

ನನ್ನನ್ನು ಕೇಳಿದರೆ ಊಟದ ಮನೆ, ಮೊದಲ ಸರದಿ, ಪದವಿ ಪತ್ರದ ಮೇಲಿನ ಮುದ್ರೆ ಇವೆಲ್ಲ ಮೇಲೋಗರ. ಅಸಲು ಊಟ ಥೀಸಿಸ್. ಬ್ಯಾರೆಟ್‌ನಲ್ಲಿ ಅದನ್ನು ಬರೆಯದೆ ಆನರ್ಸ್ ಇಲ್ಲ. ಒಬ್ಬ ಮಾರ್ಗದರ್ಶಕ, ಜೊತೆಗೆ ಓದಿ ತಕರಾರು ತೆಗೆಯಲು ಇನ್ನೊಬ್ಬರು, ಕೊನೆಗೆ ಅವರೆದುರು ಕೂತು ಬರೆದದ್ದನ್ನು ಸಮರ್ಥಿಸಬೇಕು. ಇಪ್ಪತ್ತೊಂದು ವರ್ಷದ ಹುಡುಗಿಯ ಬರವಣಿಗೆಯನ್ನು ಒಬ್ಬ ಮೇಷ್ಟ್ರು ಸಾಲುಸಾಲಾಗಿ ಓದಿ, "ಇದಕ್ಕೆ ಆಧಾರ ಎಲ್ಲಿ?" ಅಂತ ಬೈದು ಮತ್ತೆ ಬರೆಸುತ್ತಾರಲ್ಲ, ಅದು ಮನೆಯಲ್ಲಿ ಕೂತು ಸಂಪಾದಿಸುವಂಥದ್ದಲ್ಲ. ಮುಂದೆ ಪಿಎಚ್.ಡಿಗೋ ಮೆಡಿಕಲ್‌ಗೋ ಅರ್ಜಿ ಹಾಕುವಾಗ ಶಿಫಾರಸು ಪತ್ರ ಬೇಕು. ನೂರಾರು ಜನರ ಹಾಲಿನಲ್ಲಿ ಕೂತವರಿಗೆ ಸಿಗುವ ಪತ್ರ ನಮ್ಮ ಕಡೆಯ ಕ್ಯಾರೆಕ್ಟರ್ ಸರ್ಟಿಫಿಕೇಟಿನ ತಮ್ಮ: ನನಗೆ ತಿಳಿದ ಮಟ್ಟಿಗೆ ನಡತೆ ಚೆನ್ನಾಗಿದೆ. ಮೂರು ಸಲ ಬೈದು ತಿದ್ದಿಸಿದ ಮೇಷ್ಟ್ರ ಪತ್ರದ ತೂಕವೇ ಬೇರೆ.

ಪುಟ್ಟಿ ಥೀಸಿಸ್‌ಗೆ ಆರಿಸಿಕೊಂಡಿರುವುದು ಫೀನಿಕ್ಸ್ ನಗರದ ಬಸ್ ನಿಲ್ದಾಣಗಳ ನೆರಳು. 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿದ ಊರದು. ಕಾರಿಲ್ಲದವರು ಆ ಬಿಸಿಲಲ್ಲಿ ಬಸ್ಸಿಗೆ ಎಷ್ಟು ಹೊತ್ತು, ಎಷ್ಟು ನೆರಳಲ್ಲಿ ಕಾಯುತ್ತಾರೆ ಅಂತ ಅಳೆಯುತ್ತಿದ್ದಾಳೆ. ಮನೆಯಲ್ಲಿ ಮೂರು ಕಾರಿರುವ ಹುಡುಗಿ!

"ನೆರಳಿನ ಮೇಲೆ ಅಷ್ಟುದ್ದ ಬರೆಯೋದೇನಿದೆಯೇ? ಒಂದೊಂದು ಹೊಂಗೆ ಮರ ನೆಟ್ಟರಾಯ್ತು" ಅಂದಳಂತೆ ನನ್ನ ತಂಗಿ.

"ಅದಕ್ಕೆ ನೀರು ಎಲ್ಲಿಂದ ಅಜ್ಜಿ?" ಅಂತ ಶುರುವಾದ ಮಾತು ರಾತ್ರಿ ಹನ್ನೊಂದರವರೆಗೆ ನಡೆಯಿತು. ಮರದ ವಿಚಾರವನ್ನು ಮಾರ್ಗದರ್ಶಕರೂ ಎತ್ತಿದ್ದರಂತೆ. ಅಂದಿನಿಂದ ತಂಗಿ ತಾನೂ ಅರ್ಧ ಆನರ್ಸ್ ಎಂದುಕೊಂಡಿದ್ದಾಳೆ.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಗ್ರೇಡುಗಳ ಸರಾಸರಿ (ಜಿಪಿಎ) 3.25ಕ್ಕಿಂತ ಕೆಳಗಿಳಿದರೆ ಆನರ್ಸಿಗೆ ಕುತ್ತು. ಓದುತ್ತಲೇ ದುಡಿದು ಮನೆ ನಡೆಸಬೇಕಾದವರಿಗೆ ಆ ಶುಲ್ಕವೂ ಹೊರೆ, ಆ ಸಮಯವೂ ಹೊರೆ. ಡಿಗ್ರಿ ಮುಗಿಸಿ ಕೋಡ್ ಬರೆಯುವ ಕೆಲಸ ಹಿಡಿದರೆ ಸಾಕೆನ್ನುವ ಹುಡುಗನನ್ನು ಪಾರ್ಕಿನ ಬೆಂಚಿನ ಸಲುವಾಗಿ ಆನರ್ಸಿಗೆ ತಳ್ಳುವುದು ಅನ್ಯಾಯ. ಹೆಚ್ಚು ಓದಿಸುತ್ತಾರೆ ಎಂದರೆ ಕಣ್ಣರಳಿಸುವ ಮಗುವಿದ್ದರೆ ಮಾತ್ರ, ಸಾಲ ಮಾಡಬೇಕಾಗಿ ಬಾರದಿದ್ದರೆ, ಕಣ್ಣುಮುಚ್ಚಿ ಸೇರಿಸಿ.

ಅಜ್ಜ-ಅಜ್ಜಿಯರಲ್ಲಿ ಒಂದು ಅರಿಕೆ. ಮುಂದಿನ ವಾಟ್ಸಾಪ್ ಕರೆಯಲ್ಲಿ "ಎಷ್ಟನೇ ರ‍್ಯಾಂಕು?" ಅಂತ ಕೇಳಬೇಡಿ, "ಥೀಸಿಸ್ ಯಾವುದರ ಮೇಲೆ ಕಂದಾ?" ಅಂತ ಕೇಳಿ. ಒಲೆ ಮೇಲೆ ಹಾಲಿದ್ದರೆ ಮೊದಲು ಅದನ್ನು ಇಳಿಸಿ ಬನ್ನಿ, ಉತ್ತರ ಉದ್ದ ಇರುತ್ತದೆ.