ಸಂಬಂಧದ ಖಾನೆ ಖಾಲಿ ಬಿಡಬ್ಯಾಡ್ರಿ

(ಹುಲಸೂರಿನ ಹುಡುಗರ ಪಾಡು ಹೀಗಾಯಿತು. ಕೊನೆಯ ಬಸ್ಸು ತಪ್ಪಿತು, ಬಸವಕಲ್ಯಾಣದಲ್ಲಿ ಫೋನಿನಲ್ಲೇ ದುಡ್ಡು ಕಟ್ಟಿ ಹಿಡಿದಿದ್ದ ರೂಮು ಬಾಗಿಲಲ್ಲಿ ರದ್ದಾಯಿತು, ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆಳಗಾಯಿತು. ಲಾಡ್ಜಿನ ಮಾಲಕರು ಮಾತಿಗೆ ಸಿಗಲಿಲ್ಲ. ಮ್ಯಾನೇಜರು ಊಟಕ್ಕೆ ಹೋಗಿದ್ದರು. ಕೌಂಟರಿನ ಮೇಲಿದ್ದ ರಿಜಿಸ್ಟರು ಸಿಕ್ಕಿತು.)

ನಾನು: ನಮಸ್ಕಾರ. ಎರಡು ಮಾತು ಕೇಳಬಹುದೇ?

ರಿಜಿಸ್ಟರ್: ಮೊದಲ ಹೆಸರು ಬರೀರಿ. ತಂದಿ ಇಲ್ಲಾ ಗಂಡನ ಹೆಸರು. ಎಲ್ಲಿಂದ ಬಂದಿರಿ, ಎಲ್ಲಿಗಿ ಹೊಂಟಿರಿ, ಬಂದ ಕಾರಣ. ಕಾರಣ ಒಂದು ಖರೇ ಬರೀರಿ, ಕೈ ಮುಗಿತೀನಿ. ಬಂದವರೆಲ್ಲ 'ಖಾಸಗಿ ಕೆಲಸ' ಅಂತ ಬರ್ದು ಬರ್ದು ಆ ಖಾನೆನೇ ಸವದು ಹೋಗ್ಯಾದ.

ನಾನು: ಆಧಾರ್ ಜೆರಾಕ್ಸೂ ಕೊಡಬೇಕೇ?

ರಿಜಿಸ್ಟರ್: ಎರಡು ಕಾಪಿ.

ನಾನು: ಅವು ಆಮೇಲೆ ಎಲ್ಲಿಗೆ ಹೋಗುತ್ತವೆ? 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಪರವಾನಗಿಯಿಲ್ಲದ ಹೋಟೆಲು, ಸಿನಿಮಾ ಮಂದಿರಗಳು ಜೆರಾಕ್ಸ್ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ ದಿಲ್ಲಿ ಅದನ್ನು ವಾಪಸು ಪಡೆಯಿತು. ಅಂದಿನಿಂದ ನನಗೆ ಇದೇ ಚಿಂತೆ.

ರಿಜಿಸ್ಟರ್: ನೀವು ಹುಡುಗೂರ ಸುದ್ದಿಗಿ ಬಂದೀರೋ, ಜೆರಾಕ್ಸ್ ಸುದ್ದಿಗೋ?

ನಾನು: ಹುಡುಗರದ್ದೇ. ಅವರಿಗೇಕೆ ಇಲ್ಲ ಅಂದಿರಿ?

ರಿಜಿಸ್ಟರ್: ಲೋಕಲ್ ಆಧಾರ್ ರೀ. ಹುಲಸೂರು ಇಲ್ಲೇ ಮಗ್ಗಲಿಗಿ. ಮನಿ ಇಷ್ಟು ಹತ್ರ ಇದ್ದಾಗ ಖೋಲಿ ಯಾಕ ಬೇಕು? ಸಂಶಯ ಬರ್ತದ.

ನಾನು: ದೂರದ ಹುಡುಗರು ಬಂದರೆ?

ರಿಜಿಸ್ಟರ್: ಅಷ್ಟು ದೂರದಿಂದ ಇಲ್ಲಿಗ್ಯಾಕ ಬಂದ್ರು? ಅದೂ ಸಂಶಯ.

ನಾನು: ಒಬ್ಬನೇ ಬಂದರೆ?

ರಿಜಿಸ್ಟರ್: ಮನ್ಯಾಗ ಜಗಳಾಡಿ ಬಂದಾನ. ಮೂರು ಮಂದಿ ಬಂದ್ರ ಕುಡಿತಾರ.

ನಾನು: ಹುಡುಗ, ಹುಡುಗಿ?

(ರಿಜಿಸ್ಟರು ಫಟ್ಟನೆ ಮುಚ್ಚಿಕೊಂಡಿತು. ತೆರೆಯಬೇಕಾಯಿತು.)

ನಾನು: ಐವತ್ತು ದಾಟಿದವರು?

ರಿಜಿಸ್ಟರ್: ಬರ್ರಿ ಬರ್ರಿ, ಅವರಿಗ್ಯಾರು ಕೇಳ್ತಾರ! ನನ್ನ ಹಳೀ ಪುಟ ತಿರುವಿ ನೋಡ್ರಿ. ಬೀಡಿ ಹಚ್ಚಿ ಗಾದಿ ಸುಟ್ಟವರು, ಟಿವಿ ರಿಮೋಟು ಒಯ್ದವರು, ಎಲ್ಲಾ ಹಿರೇರೇ. ಬಂದ ಕಾರಣ ಏನ ಬರ್ದಾರ? ಖಾಸಗಿ ಕೆಲಸ! 2021ರ ಏಪ್ರಿಲದಾಗ ಉಪಚುನಾವಣಿ ಆತಲ್ರಿ, ಬಿಳಿ ಅಂಗಿಯವರು ಬೆಂಗಳೂರಿಂದ ಬಂದು ಬಂದು ಇಳಿದ್ರು. ಪ್ರಚಾರ ಅಂತ ಒಬ್ಬರರ ಬರ್ದಾರೇನು? ಒಬ್ಬಾತ ಬರ್ದಿದ್ದ, 'ದೇವರ ದರ್ಶನ'. ಯಾವ ದೇವರು ಅಂತ ಕೇಳಾಕ ನನಗ ಖಾನೆ ಇಲ್ಲ.

ನಾನು: 18 ತುಂಬಿದವರು ಅದೇ ಚುನಾವಣೆಯಲ್ಲಿ ಶಾಸಕರನ್ನು ಆರಿಸಬಹುದು, ರಾತ್ರಿ ಮಲಗಲು ಒಂದು ಮಂಚ ಆರಿಸುವಂತಿಲ್ಲ. ಮದುವೆಯಾಗದ ಇಬ್ಬರು ವಯಸ್ಕರು ಒಂದು ರೂಮಿನಲ್ಲಿ ಉಳಿಯಬಾರದು ಎನ್ನುವ ಕಾನೂನೇ ಇಲ್ಲ ಎಂದು ಮದ್ರಾಸ್ ಹೈಕೋರ್ಟು 2019ರಲ್ಲಿ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಹೇಳಿದೆ.

ರಿಜಿಸ್ಟರ್: ಮದ್ರಾಸ್ ದೂರ ಆತ್ರಿ. 2025ರ ಜನವರಿದಾಗ ಓಯೋದವರೇ ಮೀರತ್‌ನಾಗ ಜೋಡಿಗೋಳಿಗಿ ಸಂಬಂಧದ ಪುರಾವೆ ತೋರಸ್ರಿ ಅಂದ್ರಲ್ಲ. ನಾ ಎಂದಿನಿಂದ ಕೇಳ್ಕೋಂತ ಬಂದೀನಿ. ಕಂಪ್ಯೂಟರಿಗಿ ಬುದ್ಧಿ ತಡಾ ಬಂತು.

ನಾನು: ಪುರಾವೆ ಎಂದರೆ ಇನ್ನೊಂದು ಜೆರಾಕ್ಸ್! ಮೊನ್ನೆ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿ ಕಟ್ಟಿಸಿಕೊಂಡೆ. ಎಣ್ಣೆ ಕುಡಿದ ಕಾಗದದಲ್ಲಿ ಯಾರದೋ ಫೋಟೋ, ತಂದೆಯ ಹೆಸರು, ಪಿನ್‌ಕೋಡು ಎಲ್ಲ ಸ್ಪಷ್ಟ.

ರಿಜಿಸ್ಟರ್: ಭಜಿ ಛಲೋ ಇದ್ವೇನ್ರಿ?

ನಾನು: ಇದ್ದವು. ಹೋಗಲಿ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಗೆ ನುಗ್ಗಿ, ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಟಿವಿ ಕ್ಯಾಮೆರಾ ಎದುರಿಗೇ ಹೊಡೆದರು. 12 ವರ್ಷದ ಮೇಲೆ, 2024ರ ಆಗಸ್ಟಿನಲ್ಲಿ, ಆರೋಪಿಗಳು ಖುಲಾಸೆಯಾದರು. ಅಂಥವರ ಹೆದರಿಕೆಯಿಂದ ನೀವು ರೂಮು ಕೊಡುವುದಿಲ್ಲವೋ?

ರಿಜಿಸ್ಟರ್: ಆ ಹುಡುಗೂರು ಬಂದ ಕಾರಣ ಏನಂತ ಬರ್ದಿದ್ರು?

ನಾನು: ಹೊಡೆದವರ ಕಾರಣವನ್ನು ಯಾವ ಖಾನೆಯಲ್ಲಿ ಬರೆಸುತ್ತೀರಿ?

ರಿಜಿಸ್ಟರ್: ಅವರು ಖೋಲಿ ಕೇಳಿಲ್ಲಲ್ರಿ. ನೋಡ್ರಿ, ಕೇಳಾದು ನಮ್ಮೂರ ಪದ್ಧತಿ ಅದ. ಅಕ್ಕಮಹಾದೇವಿ ಒಬ್ಬಾಕಿನೇ ಕಲ್ಯಾಣಕ್ಕ ಬಂದಾಗ ಅಲ್ಲಮಪ್ರಭುಗೋಳು ನಿನ್ನ ಗಂಡ ಯಾರು ಅಂತ ಕೇಳಿದ್ದಿಲ್ಲೇನು?

ನಾನು: ಕೇಳಿದರು. ಉತ್ತರ ಕೇಳಿಸಿಕೊಂಡು, ಹರೆಯದ ಆ ಹೆಣ್ಣನ್ನು ಒಳಗೆ ಕರೆದು ಅಕ್ಕ ಎಂದರು. ನೀವು ಕೇಳುವುದು ಹೊರಗೆ ಹಾಕಲಿಕ್ಕೆ. ಕಲ್ಯಾಣದ ಮಾತು ತೆಗೆದಿರಿ, ಹಾಗಾದರೆ ಮುಂದಿನದೂ ಕೇಳಿ. ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯಳಿಗೂ ಶರಣರು ಮದುವೆ ಮಾಡಿದರು. ಬಿಜ್ಜಳನ ರಾಜ್ಯದಲ್ಲಿ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಆಯಿತು. ಇದೇ ಊರಿನ ಬೀದಿಯಲ್ಲಿ ಎಳೆಸಿ ಕೊಂದರು. ಶರಣರು ಚದುರಿ ಉಳವಿಯ ದಾರಿ ಹಿಡಿದರು. 850 ವರ್ಷ ದಾಟಿತು. ಜಾತಿ ಮೀರಿ ಮದುವೆಯಾದ ಮಕ್ಕಳಿಗೆ ಇಂದಿಗೂ ಮೊದಲ ರಾತ್ರಿ ಬೇಕಾಗುವುದು ಒಳಗಿನಿಂದ ಚಿಲಕ ಬೀಳುವ ಒಂದು ಬಾಗಿಲು. ಇಂಥವರಿಗಾಗಿ ಜಿಲ್ಲಾ ಕೇಂದ್ರಗಳಲ್ಲಿ ಸುರಕ್ಷಿತ ಮನೆ ತೆರೆಯುವ ಬಗ್ಗೆ ಸರ್ಕಾರಗಳು ಯೋಚಿಸಬೇಕೆಂದು ಸುಪ್ರೀಂ ಕೋರ್ಟು ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದ್ದು 2018ರ ಮಾರ್ಚಿನಲ್ಲಿ. ಯೋಚನೆ ಮುಗಿಯುವ ತನಕ ಅವರು ನಿಮ್ಮ ಕೌಂಟರಿಗೇ ಬರಬೇಕು. ಬಂದರೆ ನೀವು ಇಲ್ಲ ಎಂದು ಸುಮ್ಮನಿರುವುದೂ ಇಲ್ಲ. ಹುಡುಗಿಯ ತಂದೆಯ ನಂಬರು ಬರೆಸಿಕೊಂಡು ಅಲ್ಲಿಗೆ ಫೋನ್ ಹಚ್ಚುತ್ತೀರಿ. ಕೊಡಲಿ ಹಿಡಿದು ಹುಡುಕುತ್ತಿರುವವನಿಗೆ ವಿಳಾಸ ಕೊಡುವುದು ಸಂಸ್ಕೃತಿಯೇನ್ರಿ? ಊರ ಮಾನ ಉಳಿಸುವುದು ಹೀಗೇನ್ರಿ?

(ಸ್ವಲ್ಪ ಹೊತ್ತು ಫ್ಯಾನಿನ ಸದ್ದು.)

ರಿಜಿಸ್ಟರ್: ಆ ಶೀಲವಂತ ಅಂದ್ರಲ್ಲ... ಲೋಕಲ್ ಏನ್ರಿ?

ನಾನು: ಲೋಕಲ್ಲೇ. ಹರಳಯ್ಯನ ಗವಿ ಇದೇ ಊರಲ್ಲಿದೆ.

ರಿಜಿಸ್ಟರ್: ಹಂಗಾದ್ರ ಆಗಲ್ರಿ.

(ಅಷ್ಟರಲ್ಲಿ ಮ್ಯಾನೇಜರು ಹಲ್ಲಿಗೆ ಕಡ್ಡಿ ಹಾಕುತ್ತ ಬಂದರು. ಹಿಂದೆಯೇ ಫೋನು. 'ಹೌದ್ರಿ ಸಾಹೇಬ್ರ, ಖಾಲಿ ಅದ್ರಿ ಸಾಹೇಬ್ರ.' ಹೊರಗೆ ಜೀಪು ನಿಂತಿತು. ಐದು ಹುಡುಗರು ಇಳಿದರು, ಮೀಸೆ ಆಗಷ್ಟೇ ಚಿಗುರುತ್ತಿತ್ತು. ಆಧಾರ್ ಯಾರ ಹತ್ತಿರವೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಎರಡು ಎಸಿ ಖೋಲಿಯ ಕೀಲಿ ಕೈಗೆ ಬಂತು. ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಮ್ಯಾನೇಜರೇ ತುಂಬಿದರು. ಸಂಬಂಧ: ಸಾಹೇಬರ ಕಡೆಯವರು. ಬಂದ ಕಾರಣ: ಹೊಸ ಅನುಭವ ಮಂಟಪದ ಕಾಮಗಾರಿ ವೀಕ್ಷಣೆ.)

ರಿಜಿಸ್ಟರ್: ನೋಡಿದ್ರಿಲ್ಲೋ? ಕಾರಣ ಅಂದ್ರ ಹಿಂಗ ಬರೀಬೇಕು.