ಅವ್ವನ ಓಟು, ನನ್ನ ಭಾಷಣ

ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರಿಗೆ ಸೇರುವಷ್ಟು ಜನದ ನಡುವೆ ಕಥೋಲಿಕರನ್ನು ಹುಡುಕಬೇಕೆಂದರೆ ನಮ್ಮ ಮನೆಗೇ ಬರಬೇಕು, ಇಲ್ಲವೇ ಇನ್ನು ನಾಲ್ಕಾರು ಮನೆಗೆ. ಇಷ್ಟು ಕಡಿಮೆ ಇದ್ದಾಗ ಫಾದರ್ ಒಂದು ಕೆಲಸ ಹೇಳಿದರೆ ಯಾರದೋ ಬೆನ್ನ ಹಿಂದೆ ಅಡಗಲೂ ಆಗುವುದಿಲ್ಲ. 2024ರ ಲೋಕಸಭೆ ಚುನಾವಣೆ ಹತ್ತಿರವಾದಾಗ, "ನಮ್ಮವರು ಓಟು ಹಾಕಬೇಕು, ಊರ ಕೆಲಸಕ್ಕೂ ಮುಂದೆ ಬರಬೇಕು. ಪೂಜೆ ಆದಮೇಲೆ ನೀವೇ ನಾಲ್ಕು ಮಾತು ಹೇಳಿ" ಎಂದು ನನ್ನ ಕಡೆ ನೋಡಿದರು. ಬಲಿಪೂಜೆಯಲ್ಲಿ ವಾಚನ ಓದುವವನು ನಾನು. ಗಂಟಲು ದೊಡ್ಡದು. ಅರ್ಹತೆ ಅಷ್ಟೇ.

ತಯಾರಿ ಮಾತ್ರ ಭರ್ಜರಿ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ‘ಗೌದಿಯುಮ್ ಎತ್ ಸ್ಪೆಸ್’ ತೆಗೆದೆ. ಮತ ಹಾಕುವುದು ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಅದರ 75ನೆಯ ಪ್ಯಾರಾದಲ್ಲಿದೆ. ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಮುಂಬಯಿ ಕಾರ್ಮಿಕರ ನಾಯಕನಾಗಿ, 1967ರಲ್ಲಿ ಎಸ್.ಕೆ. ಪಾಟೀಲರಂಥವರನ್ನೇ ಸೋಲಿಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದ ವಯೊಲೆಟ್ ಆಳ್ವ, ಎಲ್ಲರೂ ಒಬ್ಬೊಬ್ಬರಾಗಿ ನನ್ನ ಹಾಳೆ ಸೇರಿದರು. ಅಡುಗೆಮನೆ ಬಾಗಿಲಲ್ಲಿ ನಿಂತು ರಿಹರ್ಸಲ್ ಶುರು ಮಾಡಿದೆ. ಹೆಂಡತಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು.

"ಧರ್ಮೋಪದೇಶದ 2240ನೆಯ ಅಂಕ ಏನು ಹೇಳುತ್ತದೆ? ಮತ ಹಾಕುವುದು, ತೆರಿಗೆ ಕಟ್ಟುವುದು, ಎರಡೂ ನೈತಿಕ ಹೊಣೆ!"

"ಹಂಗಾರ ಮನಿ ಕಂದಾಯ ಕಟ್ಟೀರೇನ್ರೀ?"

ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂದು ನನಗೆ ಉತ್ತರ ಕೊಡಲಾಗಲಿಲ್ಲ. ತೆರಿಗೆಯ ಸಾಲು ಅಂದೇ ಭಾಷಣದಿಂದ ಬಿಟ್ಟುಹೋಯಿತು.

ಹಾಗೆಂದು ನಾಗರಿಕ ವ್ಯವಹಾರದಲ್ಲಿ ನಮ್ಮ ಮನೆ ಹಿಂದೆ ಬಿದ್ದಿಲ್ಲ. ಎಲ್ಲವನ್ನೂ ಸಂತರಿಗೆ ಹಂಚಿಕೊಟ್ಟಿದ್ದೇನೆ. ಕಳೆದುಹೋದ ವೋಟರ್ ಕಾರ್ಡು ಸಂತ ಅಂತೋಣಿಯವರ ಖಾತೆ. ಉರಿಯದ ಬೀದಿದೀಪ, ಕೈಲಾಗದ ಕೆಲಸಗಳ ಪೋಷಕ ಸಂತ ಜೂದರ ಖಾತೆ. ದೀಪಕ್ಕಾಗಿ ಒಂಬತ್ತು ದಿನ ನೊವೆನಾ ಹೇಳಿದೆ. ಹತ್ತನೆಯ ದಿನ ದೀಪ ಹತ್ತಿತು. ಆಮೇಲೆ ಗೊತ್ತಾಯಿತು, ಮೂರನೆಯ ದಿನವೇ ಹೆಂಡತಿ ಅರ್ಜಿ ಕೊಟ್ಟು ಬಂದಿದ್ದಳಂತೆ. ಆದರೂ ಜೂದರಿಗೆ ಹರಕೆಯ ಮೇಣದಬತ್ತಿ ಸಲ್ಲಿಸಿದೆ. ಅರ್ಜಿ ಬರೆಯುವ ಬುದ್ಧಿ ಅವಳಿಗೆ ಕೊಟ್ಟವರಾರು?

ನಮ್ಮ ಅವ್ವನಿಗೆ ಎಂಬತ್ತೈದು ದಾಟಿದೆ. ಆ ವಯಸ್ಸಿನವರು 12ಡಿ ನಮೂನೆ ತುಂಬಿಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ನಾನು ಭಾಷಣ ತಿದ್ದುತ್ತಿದ್ದೆ, ಹೆಂಡತಿ ತುಂಬಿಕೊಟ್ಟಳು.

"ಓಟು ಹಾಕಿಸಾಕ ಮನಿಗೇ ಬರ್ತಾರಂತ ಅತ್ತಿ" ಎಂದಾಗ ಅವ್ವ ಗಂಭೀರವಾದಳು. ಮೊದಲ ಶುಕ್ರವಾರ ಫಾದರ್ ಅವಳಿಗೆ ಪರಮಪ್ರಸಾದವನ್ನು ಮನೆಗೇ ತರುತ್ತಾರೆ. ಹಾಗೆ ಬರುವವರಿಗೆ ಹೇಗೆ ಅಣಿಯಾಗಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಟೇಬಲ್ಲಿಗೆ ಬಿಳಿ ಬಟ್ಟೆ, ಮೇಲೆ ಶಿಲುಬೆ, ಎರಡು ಮೇಣದಬತ್ತಿ, ಒಂದು ಲೋಟ ನೀರು. ಪ್ರಸಾದಕ್ಕೆ ಮುಂಚೆ ಒಂದು ತಾಸು ಏನೂ ತಿನ್ನಬಾರದಲ್ಲ, ಅದಕ್ಕೆ ಚಹಾನೂ ಬೇಡವೆಂದಳು. ಅಧಿಕಾರಿಗಳು ಬಂದದ್ದು ಮಧ್ಯಾಹ್ನ. ಅಷ್ಟರಲ್ಲಿ ಚಹಾ ಇಲ್ಲದ ಅವ್ವನ ಮುಂದೆ ನಿಲ್ಲುವ ಧೈರ್ಯ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ.

ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೊ ತೆಗೆಯುವ ಒಬ್ಬ ಹುಡುಗ. ಉರಿಯುವ ಬತ್ತಿಗಳನ್ನು ಕಂಡು ಪೊಲೀಸಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಅಧಿಕಾರಿ ಬತ್ತಿಗಳ ನಡುವೆ ರಟ್ಟಿನ ಮರೆ ಇಟ್ಟರು. ಮಾರ್ಗದರ್ಶನ ಮಾಡಲು ನಾನು ಹತ್ತಿರ ಹೋದೆ. "ನೀವು ಹೊರಗಿರ್ರಿ" ಎಂದರು. ಜಾಗೃತಿ ಉಸ್ತುವಾರಿಯೇ ನಾನು ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಒಳಗಿನಿಂದ ಸ್ವಲ್ಪ ಹೊತ್ತಿಗೆ "ಆಮೆನ್" ಎಂದು ಅವ್ವನ ದನಿ ಕೇಳಿಸಿತು. ಮತಪತ್ರ ಒಳ ಲಕೋಟೆಗೆ, ಅದು ಹೊರ ಲಕೋಟೆಗೆ ಸೇರಿತು.

"ಯಾರಿಗೆ ಹಾಕೀನಂತ ಹೇಳಬೇಕೇನಪ್ಪ?"

"ಬ್ಯಾಡಜ್ಜಿ. ಯಾರ ಮುಂದೂ ಹೇಳಂಗಿಲ್ಲ."

ಪಾಪನಿವೇದನೆಯ ಕಟ್ಟುನಿಟ್ಟು ಇವರಲ್ಲೂ ಇದೆಯೆಂದು ಅವ್ವನಿಗೆ ಸರ್ಕಾರದ ಮೇಲೆ ಗೌರವ ಹುಟ್ಟಿತು. ನನಗೆ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಭಾನುವಾರ ನನ್ನ ಭಾಷಣವಾಯಿತು. ಮಹಾಸಭೆ ಮುಗಿದು ಜಾರ್ಜ್ ಫರ್ನಾಂಡಿಸ್ ಬರುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಮೂರು ಮನೆಯವರು ಎದ್ದರು. ಹೆಂಡತಿ ಅಂಗಳದಲ್ಲಿ ಅವ್ವನ ಓಟಿನ ಕಥೆ ತೆಗೆದಳು ನೋಡಿ, ಎದ್ದವರು ಬಸ್ಸು ಬಿಟ್ಟು ನಿಂತರು. ಮೇ 7ರಂದು ಅವರೆಲ್ಲ ಓಟು ಹಾಕಿದರು. ಈ ಯಶಸ್ಸನ್ನು ಫಾದರ್ ನನ್ನ ಲೆಕ್ಕಕ್ಕೆ ಬರೆದುಕೊಂಡರು, ನಾನೂ ತಡೆಯಲಿಲ್ಲ.

ಈಗ ನಮ್ಮ ಜಗಲಿಗೆ ಬೀದಿಯ ಎಲ್ಲ ಜಾತಿಯ ಹೆಂಗಸರೂ ಬರುತ್ತಾರೆ. ಹದಿನೆಂಟು ತುಂಬಿದ ಮಗಳಿಗೆ 6ನೆಯ ನಮೂನೆ, ಮನೆ ಬದಲಿಸಿದವರಿಗೆ 8. ಜನವರಿ ಒಂದನೇ ತಾರೀಕಿಗೇ ಕಾಯಬೇಕಿಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದಕ್ಕೆ ವಯಸ್ಸು ತುಂಬಿದರೂ ನಡೆಯುತ್ತದೆ ಎಂದು ನನ್ನ ಹೆಂಡತಿ ವಿವರಿಸುತ್ತಾಳೆ. ಹೆಸರು, ವಿಳಾಸ ಗುರುತು ಹಾಕಿಕೊಳ್ಳಲು ಹಾಳೆ ಬೇಕಲ್ಲ, ಒಂದು ಬದಿ ಖಾಲಿ ಇರುವ ಹಾಳೆಗಳ ದೊಡ್ಡ ಕಟ್ಟೇ ಮನೆಯಲ್ಲಿತ್ತು. ಮೊನ್ನೆ ಎದುರು ಮನೆಯಾಕೆ ತನ್ನ ಚೀಟಿ ತಿರುವಿ ನೋಡಿ ಕೇಳಿದಳು: "ಅಣ್ಣಾರ, ಈ ವಯೊಲೆಟ್ ಆಳ್ವ ಅನ್ನೋರು ಯಾವ ವಾರ್ಡಿನೋರು?"